ಡ್ರೈಯರ್ ಮೀಟರಿನ ಅಂಕಿ ಕುಣಿಯುವುದೇಕೆ?

ನಮ್ಮ ಡ್ರೈಯರಿನ ಫ್ಯಾನಿಗೆ ವೇಗ ಬದಲಿಸುವ ಡ್ರೈವ್ ಕೂರಿಸಿದ ವರ್ಷ ಉಷ್ಣತೆಯ ಅಂಕಿ ಕುಣಿಯತೊಡಗಿತು. ಅಂಕಿ ಇಳಿದಾಗಲೆಲ್ಲ ಉರಿ ಹೆಚ್ಚಿಸಿ ಒಂದು ಲೋಡ್ ಕಾಫಿ ಅತಿಯಾಗಿ ಒಣಗಿತು. ಮೀಟರ್ ಬದಲಿಸಿದರೂ ಗುಣವಿಲ್ಲ. ದೋಷವಿದ್ದುದು ವಯರಿಂಗಿನಲ್ಲಿ: ಥರ್ಮೋಕಪಲ್ ತಂತಿಯನ್ನೂ ಮೋಟಾರಿನ ತಂತಿಯನ್ನೂ ಒಂದೇ ಪೈಪಿನಲ್ಲಿ ಎಳೆದಿದ್ದರು!

'ಕೆ' ಮಾದರಿಯ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 40 ಮೈಕ್ರೋವೋಲ್ಟ್ ಮಾತ್ರ. ಪಕ್ಕದಲ್ಲೇ 415 ವೋಲ್ಟಿನ ಮೋಟಾರು.

ಆದ್ದರಿಂದ ಎರಡಕ್ಕೂ ಬೇರೆ ಬೇರೆ ಪೈಪು ಹಾಕಿಸಿ, ನಡುವೆ ಒಂದಡಿಯಾದರೂ ಅಂತರವಿರಲಿ. ದಾಟಲೇಬೇಕಾದಲ್ಲಿ ನೇರ ಅಡ್ಡಲಾಗಿ ದಾಟಿಸಿ. ಥರ್ಮೋಕಪಲ್ಲಿಗೆ ಅದರದೇ ಮಾದರಿಯ, ಲೋಹದ ಜಾಲರಿ ಹೊದಿಕೆಯ ಕೇಬಲ್ ಬೇಕು. ಸಾಮಾನ್ಯ ತಾಮ್ರದ ವಯರ್ ಸಲ್ಲದು. ಜಾಲರಿಯನ್ನು ಮೀಟರಿನ ತುದಿಯಲ್ಲಿ ಮಾತ್ರ ಅರ್ಥಿಂಗಿಗೆ ಜೋಡಿಸಬೇಕು. ನ್ಯೂಟ್ರಲ್ಲಿಗೆ ಕಟ್ಟಹೊರಟ ಎಲೆಕ್ಟ್ರಿಷಿಯನ್ನನ್ನು ಅಲ್ಲೇ ತಡೆಯಿರಿ.