ಕಿವಿಮಾತು: ಮಾರಿದ ಮೇಲೆ ಶುರುವಾಗುವ ಖರ್ಚು

ಮತ್ತಿಕೆರೆಯ ಅಂಗಡಿಗಳಿಗೆಂದು ಮನೆಯಲ್ಲೇ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದು ಸ್ವಂತವಾಗಿ ಮಾರಲು ಹೊರಟ ತರುಣರೇ, ಬೆಲೆ ಕಟ್ಟುವ ಮುನ್ನ ಒಂದು ಮಾತು. ಬರೆಯಲು ಹಿಡಿದ ತಿಂಗಳುಗಳನ್ನು ಲೆಕ್ಕ ಹಾಕಿರುತ್ತೀರಿ. ಮಾರಿದ ಮೇಲೆ ಬರುವ ಫೋನ್ ಕರೆಗಳನ್ನು ಹಾಕಿರುವುದಿಲ್ಲ. ಅವುಗಳಲ್ಲಿ ಎಷ್ಟೋ ನಿಮ್ಮ ತಪ್ಪಿನಿಂದ ಬಂದವಲ್ಲ. ಡಿಜಿಟಲ್ ಸಹಿಯಿಲ್ಲದ ಫೈಲ್ ಇಳಿಸಿಕೊಂಡು ತೆರೆದರೆ ವಿಂಡೋಸ್ ನೀಲಿ ಬಣ್ಣದ ಎಚ್ಚರಿಕೆ ತೋರಿಸುತ್ತದೆ, ವೈರಸ್ ಇರಬೇಕೆಂದು ಗಿರಾಕಿ ಗಾಬರಿಯಾಗುತ್ತಾರೆ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟ್‌ನಲ್ಲಿದ್ದ ಸರಕಿನ ಪಟ್ಟಿಯನ್ನು ಯುನಿಕೋಡ್‌ಗೆ ಪರಿವರ್ತಿಸದೆ ಸೇರಿಸಿದರೆ ಅಕ್ಕಿ, ಬೇಳೆಯ ಹೆಸರೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ಅಂಥ ಬೆಳಿಗ್ಗೆ ದರ ತಿದ್ದದ ಬಿಲ್ಲುಗಳೆಲ್ಲ ಒಟ್ಟಿಗೇ ತಪ್ಪುತ್ತವೆ, ಫೋನ್ ಎತ್ತಲು ಇರುವವರು ನೀವೊಬ್ಬರೇ. ಗಿರಾಕಿ ಹೆಚ್ಚಿದಷ್ಟೂ ಲಾಭವೆಂಬ ಲೆಕ್ಕ ಇಲ್ಲೇ ತಲೆಕೆಳಗಾಗುವುದು.

ದೂರು ಬಂದರೆ ತಾನೇ ದೋಷ ಗೊತ್ತಾಗುವುದು, ಸಹಾಯಕ್ಕೆ ದುಡ್ಡು ಕೇಳಿದರೆ ಯಾರೂ ಕೊಡುವುದಿಲ್ಲ ಎನ್ನಬಹುದು. ಮೊದಲನೆಯದು ನಿಜ. ಎರಡನೆಯದನ್ನು ನಾನು ಒಪ್ಪುವುದಿಲ್ಲ. ನಮ್ಮ ಬೆಂಗಳೂರಿನದೇ ಆದ ಲೆಕ್ಕಪತ್ರ ಸಾಫ್ಟ್‌ವೇರ್ ಟ್ಯಾಲಿಗೆ ನವೀಕರಣ ಶುಲ್ಕ ಕಟ್ಟುವವರು ಇದೇ ವರ್ತಕರು. ಅವರು ತಕರಾರು ತೆಗೆಯುವುದು ಮೊದಲೇ ಹೇಳದೆ ಆಮೇಲೆ ಕೇಳುವ ದುಡ್ಡಿಗೆ. ಆದ್ದರಿಂದ ಒಂದು ವರ್ಷದ ಸಹಾಯವನ್ನು ಬೆಲೆಯಲ್ಲೇ ಸೇರಿಸಿ, ಮುಂದಿನ ಶುಲ್ಕವನ್ನು ಮೊದಲ ರಸೀದಿಯಲ್ಲೇ ಬರೆಯಿರಿ. ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ಉತ್ತರಿಸುತ್ತ ಕೂರದೆ ಸಾಫ್ಟ್‌ವೇರನ್ನೇ ತಿದ್ದಿ. ಕರೆಗೆ ಬೇರೆ ನಂಬರು, ಗೊತ್ತಾದ ಸಮಯ ಇಡಿ. ಮನೆಯವರ ಊಟದ ಹೊತ್ತನ್ನು ಗಿರಾಕಿಗೆ ಪುಕ್ಕಟೆ ಬರೆದುಕೊಡಬೇಡಿ.