ಬೋರ್ಡ್ ಕೊಳ್ಳುವ ಮುನ್ನ ನೀರು ನೋಡಿ

ಬೋರ್ಡಿನ ಮೇಲೆ ನಿಂತು ಹುಟ್ಟು ಹಾಕುವ ಸ್ಟ್ಯಾಂಡಪ್ ಪ್ಯಾಡಲ್ ರೇಸಿಗೆ ಇಳಿಯುವವರು ಸಾಮಾನ್ಯವಾಗಿ ಮೊದಲು ಮನಸೋಲುವುದು ಕಿರಿದಾದ ಬೋರ್ಡಿಗೆ. 14 ಅಡಿ ಉದ್ದ, 22 ಇಂಚು ಅಗಲದ ಬೋರ್ಡು ನಿಂತ ನೀರಿನಲ್ಲಿ ಚುರುಕಾಗಿ ಓಡುತ್ತದೆ, ನಿಜ. ಆದರೆ ಮೂಲ್ಕಿಯ ಶಾಂಭವಿ ಹೊಳೆಯಲ್ಲಿ ಬೆಳಗ್ಗೆ ಸಲೀಸಾಗಿ ಸಾಗಿದ ಬೋರ್ಡು ಮಧ್ಯಾಹ್ನದ ಗಾಳಿಗೆ ಕಡಲಿನಲ್ಲಿ ಹಾಗೆಯೇ ಸಾಗುವುದಿಲ್ಲ. ಪಕ್ಕದಿಂದ ಬಡಿದ ಸಣ್ಣ ಅಲೆಗೂ ಅದು ವಾಲುತ್ತದೆ; ಮುಂದಕ್ಕೊಯ್ಯಬೇಕಾದ ಪ್ಯಾಡಲ್ ಬೀಳದಂತೆ ಊರುವ ಕೋಲಾಗುತ್ತದೆ, ವೇಗ ಅಲ್ಲೇ ಸೋರಿಹೋಗುತ್ತದೆ. ಚೂಪು ಮೂತಿಯ ಕಥೆಯೂ ಅಷ್ಟೇ. ಸಮತಟ್ಟು ನೀರನ್ನು ಸೀಳುವ ಆ ಮೂತಿ, ಹವಾಯಿಯ ಮೊಲೊಕಾಯಿ–ಓಆಹು ದ್ವೀಪಗಳ ನಡುವಿನ 32 ಮೈಲಿ ರೇಸಿನಂಥ ಕಡೆ, ಅಲೆಯಿಂದ ಇಳಿಯುವಾಗ ಮುಂದಿನ ಅಲೆಯ ಬೆನ್ನಿಗೆ ಚುಚ್ಚಿಕೊಳ್ಳುತ್ತದೆ. ಅಲ್ಲಿಗೆ ಮೂತಿ ಮೇಲೆದ್ದ ಬೋರ್ಡೇ ಬೇಕು. ಆದ್ದರಿಂದ ನೀವು ಎದುರಿಸಲಿರುವ ಅತಿ ಒರಟು ನೀರನ್ನು ನೆನೆದು ಆರಿಸಿ.

ಅಭ್ಯಾಸ ಮಾಡಿದರೆ ಸಮತೋಲ ತಾನಾಗಿ ಬರುತ್ತದಲ್ಲ ಎನ್ನಬಹುದು. ಬರುತ್ತದೆ, ಆದರೆ ರೇಸಿನ ಕೊನೆಯಲ್ಲಿ ಕಾಲು ಸೋತಾಗ ಮೊದಲು ಕೈಕೊಡುವುದೂ ಅದೇ. ಶಾಂತ ನೀರಿಗೊಂದು, ಒರಟು ನೀರಿಗೊಂದು ಎಂದು ಎರಡು ಬೋರ್ಡು ಕೊಳ್ಳುವಷ್ಟು ದುಡ್ಡು ಎಲ್ಲರ ಬಳಿ ಇರುವುದಿಲ್ಲ ಎಂಬ ಮಾತು ಇದಕ್ಕಿಂತ ತೂಕದ್ದು. ಅಂಥವರಿಗೆ 25–26 ಇಂಚು ಅಗಲದ, ಎಲ್ಲ ನೀರಿಗೂ ಒಗ್ಗುವ ಒಂದೇ ಬೋರ್ಡು ಸಾಕು. ಪ್ಯಾಡಲ್‌ನಲ್ಲಿ ಮಾತ್ರ ಉಳಿತಾಯ ಬೇಡ. ಅದರ ತುದಿಯ ಎಲೆ (ಬ್ಲೇಡ್) ಅಗಲವಾಗಿದ್ದರೆ ಆರಂಭದಲ್ಲಿ ಬಲ ಕೊಟ್ಟರೂ ಎದುರುಗಾಳಿಯಲ್ಲಿ ಭುಜವನ್ನು ಹಿಂಡುತ್ತದೆ. ದೂರದ ರೇಸಿಗೆ ಚಿಕ್ಕ ಎಲೆ, ಬೇಗ ಬೇಗ ಹುಟ್ಟು. ಪ್ಯಾಡಲ್‌ನ ಉದ್ದ ನಿಮ್ಮ ಎತ್ತರಕ್ಕಿಂತ 6ರಿಂದ 10 ಇಂಚು ಹೆಚ್ಚಿರಲಿ, ಅಲೆಯಿದ್ದಾಗ ಒಂದೆರಡು ಇಂಚು ಇಳಿಸಿಕೊಳ್ಳಿ.