ಅಪ್ಪನ ಜನತಾ ವಾಚಿಗೆ ಹೊಸ ಡಯಲ್ ಬೇಕೆ?

ಪ್ರಶ್ನೆ: ಡೊಂಬಿವಲಿಯವನು. ಚಿಕ್ಕಂದಿನಿಂದ ವಾಚುಗಳ ಹುಚ್ಚು. ಅಪ್ಪನ ಎಚ್‌ಎಂಟಿ ಜನತಾ ನಿಂತಿದೆ. ಕಲೆಗಟ್ಟಿದ ಡಯಲ್ ಬದಲಿಸೋಣ ಎನ್ನುತ್ತಾರೆ ಅಂಗಡಿಯವರು. ಒಪ್ಪಲೇ?

ಉತ್ತರ: ಒಪ್ಪಬೇಡಿ, ಯಂತ್ರವನ್ನಷ್ಟೇ ಸರ್ವೀಸ್ ಮಾಡಿಸಿ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಆರಂಭಿಸಿದ ವಾಚು ತಯಾರಿಕೆಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಹಾಗಾಗಿ ಮೂಲ ಡಯಲ್ ಕಳೆದರೆ ಮತ್ತೆ ಸಿಗುವುದು ಕಷ್ಟ, ಸಂಗ್ರಹಕಾರರ ಕಣ್ಣಿನಲ್ಲಿ ಬೆಲೆಯೂ ಇಳಿಯುತ್ತದೆ. ಕಲೆ ಹರಡುವುದಿಲ್ಲವೇ ಎನ್ನಬಹುದು. ಅದನ್ನು ಹರಡಿಸುವುದು ತೇವ. ಖಾಡಿ ಬದಿಯ ನಿಮ್ಮೂರಿನ ಮಳೆಗಾಲವನ್ನು ಹಿಂಬದಿ ಮುಚ್ಚಳದ ಹಳೆಯ ರಬ್ಬರು ತಡೆಯದು. ಅದನ್ನು ಬದಲಿಸಿ, ವಾಚನ್ನು ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿಡಿ. ಕೀ ಕೊಡುವ ವಾಚನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಬಲ್ಲ ರಿಪೇರಿಗಾರರಿಗೇ ಕೊಡಿ. ಬಿಚ್ಚುವ ಮೊದಲು ಒಳಭಾಗದ ಫೋಟೊ ತೆಗೆಸಿ. ತೆಗೆದ ಬಿಡಿಭಾಗ ಹಿಂದಿರುಗಿಸಬೇಕೆಂದು ಚೀಟಿಯಲ್ಲಿ ಬರೆಸಿ. ಒಳಗೆ ತುಕ್ಕಿದ್ದರೆ ಈ ವಾರವೇ ಹೋಗಿ.